ಏಳು ನಲವತ್ತೆರಡರ ಹಾಡುಗಳು

ಜನವರಿ 6, ಸೋಮವಾರ

ಅಪ್ಪನ ಬಸ್ಸಿನ ಮ್ಯೂಸಿಕ್ ಪ್ಲೇಯರ್ ಕೆಟ್ಟಿದೆ. ಬಸ್ಸೇ ಕೆಟ್ಟಿದ್ದರೆ ನನಗೆ ಇಷ್ಟು ತಲೆಬಿಸಿ ಆಗುತ್ತಿರಲಿಲ್ಲ. ಬಸ್ಸಿಗಾದರೆ ಗ್ಯಾರೇಜಿನವರಿದ್ದಾರೆ.

ಬೆಳಿಗ್ಗೆ ಡ್ರೈವರ್ ಜತ್ತಪ್ಪಣ್ಣ ಅದನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಬಂದು ಜಗಲಿಯ ಮೇಲೆ ಇಟ್ಟರು. ಇಸ್ಪೀಟು ಕಟ್ಟಿನಷ್ಟು ದೊಡ್ಡದು, ನಡುವೆ ಬೆರಳಿನಿಂದ ತಿರುಗಿಸುವ ಚಕ್ರ, ಒಡೆದ ಮೂಲೆಗೆ ಗಾಯಕ್ಕೆ ಹಾಕುವ ಪ್ಲಾಸ್ಟರ್. ಒತ್ತಿದರೆ ಪರದೆಯಲ್ಲಿ ಬಾಯಿ ಸೊಟ್ಟ ಮಾಡಿಕೊಂಡ ಒಂದು ಮುಖ ಬರುತ್ತದೆ. "ನೋಡಿ ಟೀಚರಮ್ಮ, ಅದಕ್ಕೇ ಬೇಜಾರುಂಟು," ಎಂದರು.

ಒಂದು ಪೆನ್ ಡ್ರೈವ್ ತಂದರಾಯಿತು ಎಂದು ನಾನು ಹೇಳಿದೆ. ಅವರು, ಇಂಗ್ಲಿಷ್ ಮೀಡಿಯಂನಲ್ಲಿ ಓದಿದವರು ಹೀಗೇ ಮಾತಾಡುವುದು ಎಂಬಂತೆ ನನ್ನನ್ನೇ ನೋಡಿ, ಚಪ್ಪಲಿ ಹಾಕಿಕೊಂಡು ಹೋದರು.

ಈ ಡೈರಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಇಂಗ್ಲಿಷಿನಲ್ಲಿ ಬರೆದರೆ ರಜೆ ಅರ್ಜಿಯ ಹಾಗೆ ಆಗುತ್ತದೆ, ಎಲ್ಲವೂ ಸರಿಯಾಗಿದೆ ಎಂದು ನನಗೇ ಅನಿಸಿಬಿಡುತ್ತದೆ. ಎಲ್ಲವೂ ಸರಿಯಾಗಿಲ್ಲ. ಅಪ್ಪನಿಗೆ ಡಿಸೆಂಬರಿನಲ್ಲಿ ಹಾರ್ಟ್ ಆಪರೇಷನ್ ಆಯಿತು. ಮೂರು ತಿಂಗಳು ಟೆನ್ಶನ್ ಕೊಡಬೇಡಿ, ಬಸ್ಸಿನ ಮಾತೇ ಬೇಡ ಎಂದರು ಡಾಕ್ಟರು. ಹಾಗಾಗಿ ನಾನು ಶಾಲೆಗೆ ರಜೆ ಹಾಕಿದ್ದೇನೆ, ಮೂಡುಬಿದಿರೆಯಿಂದ ವೇಣೂರು ಮಾರ್ಗವಾಗಿ ಬೆಳ್ತಂಗಡಿಗೆ ಹೋಗುವ ಏಳು ನಲವತ್ತೆರಡರ ಬಸ್ಸು, ಅದರ ಡೀಸೆಲ್, ಟಯರು, ಸೊಟ್ಟಮುಖದ ಪ್ಲೇಯರ್ ಎಲ್ಲವೂ ಸದ್ಯಕ್ಕೆ ನನ್ನ ತಲೆಯ ಮೇಲೆ.

ಸದ್ಯಕ್ಕೆ ಮಾತ್ರ. ನಮಗಿಂತ ಆರು ನಿಮಿಷ ಮುಂದೆ ಹೊರಡುವ ಬಸ್ಸಿನ ಮಾಲೀಕ ಅಶೋಕ್, ಅಪ್ಪನ ಬಸ್ಸನ್ನು ಟೈಮಿಂಗ್ ಸಮೇತ, ಅಂದರೆ ಏಳು ನಲವತ್ತೆರಡಕ್ಕೆ ಹೊರಡುವ ಹಕ್ಕಿನ ಸಮೇತ, ಕೊಳ್ಳುತ್ತೇನೆ ಎಂದಿದ್ದಾರೆ. ಫೆಬ್ರವರಿ ಕೊನೆಗೆ ಉತ್ತರ ಕೊಡಬೇಕು. ಅಪ್ಪ "ನಿನಗೆ ಕಂಡ ಹಾಗೆ ಮಾಡು ಮಗಾ" ಎಂದು ಆಸ್ಪತ್ರೆಯಲ್ಲೇ ಹೇಳಿಯಾಗಿದೆ. ನನಗೆ ಕಂಡದ್ದು ಮಾರುವುದು. ಅಶೋಕರಿಗೆ ಅವರದೇ ಡ್ರೈವರುಗಳಿದ್ದಾರೆ, ಐವತ್ತೇಳರ ಜತ್ತಪ್ಪಣ್ಣನನ್ನು ಇಟ್ಟುಕೊಳ್ಳುವುದಿಲ್ಲ. ಅದೊಂದು ಉಳಿದಿದೆ. ಅದನ್ನು ಆಮೇಲೆ ಯೋಚಿಸುವ.

ಜನವರಿ 8, ಬುಧವಾರ

ಪೆನ್ ಡ್ರೈವ್ ಸೋತಿತು. ಬಸ್ಸು ನಿನ್ನೆ ಏಳು ನಿಮಿಷ ತಡ, ಇವತ್ತು ಒಂಬತ್ತು.

ಕಂಡಕ್ಟರ್ ಮುನವ್ವರ್ ಕಾರಣ ಹೇಳಿದ. ಎಂಟನೇ ಕ್ಲಾಸಿನಲ್ಲಿ ನನ್ನ ಕೈಯಲ್ಲಿ ಸ್ಪೆಲ್ಲಿಂಗ್ ಟೆಸ್ಟಿಗೆ ಸೊನ್ನೆ ತೆಗೆದುಕೊಂಡವನು. ಇವತ್ತು ನನಗೆ ಪಾಠ ಮಾಡುವಾಗ ಅವನ ಮುಖದಲ್ಲಿ ಬಹಳ ಸಮಾಧಾನವಿತ್ತು. ಜತ್ತಪ್ಪಣ್ಣ ವಾಚು ಕಟ್ಟುವುದಿಲ್ಲವಂತೆ. ಬೆಳಗಿನ ಟ್ರಿಪ್ಪಿಗೆ ಹದಿನಾಲ್ಕು ಹಾಡು ಉಂಟಂತೆ, ಹದಿಮೂರು ವರ್ಷದಿಂದ ಅವೇ, ಅದೇ ಸಾಲಿನಲ್ಲಿ. ಸ್ಟ್ಯಾಂಡಿನಿಂದ ಬಸ್ಸು ಹೊರಡುವಾಗ ಮೊದಲನೆಯದು. ಏಳನೆಯದು ಮುಗಿಯುವಾಗ ವೇಣೂರಿನ ಸೇತುವೆ ಮೇಲೆ ಇರಬೇಕು. ಹನ್ನೆರಡನೆಯದು, ಆ ಗಾಯಕಿ ಕೊನೆಯಲ್ಲಿ ಸ್ವರ ಏರಿಸುವುದು, ಅಲ್ಲಿಗೆ ಗುರುವಾಯನಕೆರೆ. ಹಾಡಿಗಿಂತ ಮುಂದೆ ಹೋದರೆ ಜತ್ತಪ್ಪಣ್ಣ ಕಾಲು ತೆಗೆಯುತ್ತಾರೆ, ಹಿಂದೆ ಬಿದ್ದರೆ ಒತ್ತುತ್ತಾರೆ.

"ಮತ್ತೆ ನಾನು ಹಾಕಿದ್ದೂ ಅದೇ ಹಾಡುಗಳಲ್ಲವಾ?"

"ಅದೇ ಹಾಡು ಟೀಚರ್, ಅಳತೆ ಬೇರೆ. ನಮ್ಮದು ಕ್ಯಾಸೆಟ್ಟಿನಿಂದ ತೆಗೆದದ್ದು. ನೀವು ನೆಟ್ಟಿನಿಂದ ತಂದದ್ದರಲ್ಲಿ ನಡುನಡುವೆ ಪಿಟೀಲು ಜಾಸ್ತಿ. ಪಿಟೀಲು ಮುಗಿಯುವವರೆಗೆ ಜತ್ತಪ್ಪಣ್ಣ ಸೆಕೆಂಡ್ ಗೇರಿನಲ್ಲಿ."

ವಾಚು ಕಟ್ಟಿಕೊಳ್ಳಿ ಎಂದು ಹೇಳಿದರೆ ಏನಾಗುತ್ತದೆ ಎಂದು ಕೇಳಿದೆ. "ಬೇಜಾರಾಗ್ತದೆ," ಎಂದ ಮುನವ್ವರ್. ಯಾರಿಗೆ ಎಂದು ಹೇಳಲಿಲ್ಲ.

ಜನವರಿ 11, ಶನಿವಾರ

ಲ್ಯಾಪ್‌ಟಾಪಿಗೆ ಕೇಬಲ್ ಹಾಕಿದೆ, ಏನೂ ಇಲ್ಲ. ಕೇಬಲ್ ಬದಲಾಯಿಸಿದೆ. ಎರಡು ಬಟನ್ ಒಟ್ಟಿಗೆ ಒತ್ತಿ ಹಿಡಿದು ಹತ್ತು ಎಣಿಸಬೇಕಂತೆ, ಎಣಿಸಿದೆ. ಮೇಲಿನ ಲಾಕನ್ನು ಆಚೆ ಈಚೆ ತಳ್ಳಿ ಮತ್ತೆ ಒತ್ತಬೇಕಂತೆ, ಒತ್ತಿದೆ. ಸೊಟ್ಟಮುಖ ಹೋಗಿ ಒಂದು ಗಳಿಗೆ ಬೆಳಕು ಬಂತು. ಲ್ಯಾಪ್‌ಟಾಪು ಕೇಳಿತು: ಇದು ಬೇರೆ ಕಂಪ್ಯೂಟರಿಗೆ ಸೇರಿದ್ದು, ಎಲ್ಲ ಅಳಿಸಿ ಹೊಸದಾಗಿ ಜೋಡಿಸಲೇ?

ಬೇಡ ಎಂದು ಒತ್ತಿದೆ. ಮತ್ತೆ ಕೇಳಿತು. ಏಳು ಸಲ ಬೇಡ ಎಂದಿದ್ದೇನೆ. ಮಾರುವ ಬಸ್ಸಿನ ಹಾಡುಗಳ ಮೇಲೆ ನನಗೆ ಇಷ್ಟು ಕಾಳಜಿ ಯಾಕೆ ಎಂದು ಯೋಚಿಸಿದೆ. ಬಸ್ಸು ತಡವಾದರೆ ದೂರು ಬರುತ್ತದೆ, ಮೂರು ದೂರು ಬಂದರೆ ಮಾಲೀಕರ ಸಂಘದವರು ಟೈಮಿಂಗನ್ನೇ ಮರುಪರಿಶೀಲನೆಗೆ ಹಾಕುತ್ತಾರೆ, ಟೈಮಿಂಗ್ ಇಲ್ಲದ ಬಸ್ಸನ್ನು ಯಾರೂ ಕೇಳುವುದಿಲ್ಲ. ಕಾರಣ ಅಷ್ಟೇ.

ಹಾಡು ತುಂಬಿಸಿಕೊಟ್ಟ ದೊಡ್ಡಪ್ಪನ ಮಗ ಅಂಕಿತನಿಗೆ ಫೋನ್ ಮಾಡಿದೆ. ಈಗ ಹಾಸನದಲ್ಲಿ ಕನ್ನಡಕದ ಅಂಗಡಿ ಇಟ್ಟಿದ್ದಾನೆ. ಆಗಿನ ಕಂಪ್ಯೂಟರ್ ಗುಜರಿಗೆ ಹೋಗಿ ಎಂಟು ವರ್ಷವಾಯಿತಂತೆ. "ಅಕ್ಕ, ನಿನಗೆ ಈಗ ನಲವತ್ತು ದಾಟಿತಲ್ಲ, ಕಣ್ಣು ಟೆಸ್ಟ್ ಮಾಡಿಸಿದ್ದೀಯಾ?" ಎಂದು ಕೇಳಿದ.

ಜನವರಿ 14, ಮಂಗಳವಾರ

ಹನ್ನೊಂದು ನಿಮಿಷ ತಡ. ಸಂಘಕ್ಕೆ ಮೊದಲನೆಯ ದೂರು ಹೋಗಿದೆ. ಅಪ್ಪ ಊಟಕ್ಕೆ ಕೂತು, ಬಸ್ಸು ಹೇಗೆ ಹೋಗ್ತಾ ಉಂಟು ಎಂದರು. ಚೆನ್ನಾಗಿ ಎಂದೆ. ಅಮ್ಮ ನನ್ನನ್ನು ನೋಡಿ ಅಪ್ಪನಿಗೆ ಇನ್ನೊಂದು ಸೌಟು ಸಾರು ಬಡಿಸಿದಳು.

ಜನವರಿ 18, ಶನಿವಾರ

ಬಂಟ್ವಾಳಕ್ಕೆ ಹೋದೆ. ಬಿ.ಸಿ. ರೋಡಿನ ಒಂದು ಕಾಂಪ್ಲೆಕ್ಸಿನ ಹಿಂದೆ, ಮೆಟ್ಟಿಲ ಕೆಳಗೆ ಅಬೂಬಕ್ಕರ್ ಅವರ ಅಂಗಡಿ. ರೇಡಿಯೋದಿಂದ ಹಿಡಿದು ಮೊಬೈಲಿನವರೆಗೆ ಕೆಟ್ಟದ್ದು ಯಾವುದು ತಂದರೂ ಬೇಡ ಎನ್ನುವುದಿಲ್ಲವಂತೆ. ಅರವತ್ತು ದಾಟಿದವರು, ಹಣೆಯ ಮೇಲೆ ಎರಡು ಕನ್ನಡಕ. ಪ್ಲೇಯರನ್ನು ಕಿವಿಯ ಹತ್ತಿರ ಹಿಡಿದು ಅಲುಗಾಡಿಸಿ ಕೇಳಿದರು, ತೆಂಗಿನಕಾಯಿ ಆರಿಸುವ ಹಾಗೆ.

ಒಳಗಿನ ಡಿಸ್ಕ್ ಇನ್ನೂ ತಿರುಗುತ್ತಿದೆಯಂತೆ. ಅಳಿಸುವ ಮೊದಲು ಒಳಗಿನದನ್ನು ಹೊರಗೆ ಹಾಕುವ, ಆಮೇಲೆ ರಿಸ್ಟೋರ್ ಮಾಡುವ ಎಂದರು. ಇಂಥದ್ದಕ್ಕೆಂದೇ ಒಂದು ಹಳೆಯ ಕಂಪ್ಯೂಟರನ್ನು ಅವರು ಬಟ್ಟೆ ಮುಚ್ಚಿ ಇಟ್ಟಿದ್ದಾರೆ. ಎರಡು ಗಂಟೆಯಲ್ಲಿ ಇನ್ನೂರ ಹದಿನಾಲ್ಕು ಫೈಲು ಹೊರಬಂದವು. ಹೆಸರೆಲ್ಲ ನಾಲ್ಕು ನಾಲ್ಕು ಅಕ್ಷರದ ಅರ್ಥವಿಲ್ಲದ್ದು. ಒಳಗೆ ಹಾಡಿನ ನಿಜವಾದ ಹೆಸರು ಇದ್ದೇ ಇರುತ್ತದೆ, ಆದರೆ ಸಾಲು ಹೋಯಿತು ಎಂದರು. "ಯಾವುದಾದ ಮೇಲೆ ಯಾವುದು ಅಂತ ಹೇಳುವವರು ಉಂಟಾ ನಿಮ್ಮಲ್ಲಿ?"

ಉಂಟು ಎಂದೆ. ಸ್ವಲ್ಪ ಜಂಬದಿಂದಲೇ ಹೇಳಿದೆನೋ ಏನೋ.

ಜನವರಿ 21, ಮಂಗಳವಾರ

ಮುನವ್ವರ್ ಮಧ್ಯಾಹ್ನದ ಬಿಡುವಿನಲ್ಲಿ ಮನೆಗೆ ಬಂದ. ಅಪ್ಪ ಮಲಗಿದ್ದರು. ಅಡುಗೆಮನೆಯಲ್ಲಿ ಕೂತು, ಕಣ್ಣು ಮುಚ್ಚಿ, ಬೆರಳಿನಿಂದ ಮೇಜು ಕುಟ್ಟುತ್ತ, ಮೂಡುಬಿದಿರೆಯಿಂದ ಬೆಳ್ತಂಗಡಿಯವರೆಗೆ ಹಾಡುಗಳನ್ನು ಹೇಳಿದ. ಸ್ಪೆಲ್ಲಿಂಗ್ ಬಾರದವನು ಒಂದೂ ತಪ್ಪಲಿಲ್ಲ. ನಡುವೆ ನಾಲ್ಕು ಕಡೆ ನಿಂತು ಸುಮ್ಮನೆ ಕೂತ. ನೆನಪು ಮಾಡಿಕೊಳ್ಳುತ್ತಿದ್ದಾನೆ ಎಂದುಕೊಂಡು ನಾನೂ ಸುಮ್ಮನಿದ್ದೆ.

ಆಮೇಲೆ ನಾನು ಫೈಲುಗಳನ್ನು ಕ್ಲೀನ್ ಮಾಡಿದೆ. ಇನ್ನೂರ ಹತ್ತಕ್ಕೆ ಹೆಸರು ಸಿಕ್ಕಿತು. ನಾಲ್ಕಕ್ಕೆ ಹೆಸರೂ ಇಲ್ಲ, ಹಾಡೂ ಇಲ್ಲ, ಬರೀ ಗುಂಯ್ ಎಂಬ ಸದ್ದು. ಹಾಳಾದವು. ಅಳಿಸಿದೆ. ಇಡೀ ಫೋಲ್ಡರ್ ಅಚ್ಚುಕಟ್ಟಾಗಿದೆ. ಎಷ್ಟೋ ದಿನದ ನಂತರ ಏನೋ ಮುಗಿಸಿದೆ ಎನಿಸಿತು.

ಜನವರಿ 25, ಶನಿವಾರ

ಮತ್ತೆ ಬಿ.ಸಿ. ರೋಡು. ರಿಸ್ಟೋರ್ ಮೂರು ಸಲ ಅರ್ಧಕ್ಕೆ ನಿಂತಿತು. ನಾಲ್ಕನೇ ಸಲಕ್ಕೆ ಅಬೂಬಕ್ಕರ್ ಪ್ಲೇಯರನ್ನು ಟೇಬಲ್ ಫ್ಯಾನಿನ ಎದುರು ಹಿಡಿದು ಕೂತರು. ಕಂಪ್ಯೂಟರಿನಲ್ಲಿ ಪಟ್ಟಿ ತುಂಬುತ್ತ ಹೋಗಿ ಕೊನೆಗೆ ಮುಟ್ಟಿತು. ಹಳೆಯದೆಲ್ಲ ಅಳಿಯಿತು, ಹದಿನಾಲ್ಕು ಹಾಡು ಮುನವ್ವರ್ ಹೇಳಿದ ಸಾಲಿನಲ್ಲಿ, ಉಳಿದವು ಅವುಗಳ ಹಿಂದೆ, ಒಳಗೆ ಹೋದವು.

ಸಂಜೆ ಜತ್ತಪ್ಪಣ್ಣನ ಕೈಗೆ ಕೊಟ್ಟೆ. ಕಿವಿಗೆ ಹಿಡಿದು ಕೇಳಿ ತಲೆ ಆಡಿಸಿದರು.

ಜನವರಿ 28, ಮಂಗಳವಾರ

ಬಸ್ಸು ಈಗ ಬೇಗ ಹೋಗುತ್ತಿದೆ. ಐದೂವರೆ ನಿಮಿಷ. ನಿನ್ನೆಯೂ, ಇವತ್ತೂ.

ತಡವಾದರೆ ಒಬ್ಬರು ಬೈಯುತ್ತಾರೆ, ಬೇಗ ಹೋದರೆ ಎಲ್ಲರೂ. ಗುರುವಾಯನಕೆರೆ ಹತ್ತಿರ ಅಶೋಕರ ಬಸ್ಸಿನ ಬಾಲಕ್ಕೇ ತಾಗಿ ಹೋಗಿ, ಓವರ್‌ಟೇಕ್ ಮಾಡಿ, ಅವರ ಸ್ಟಾಪಿನ ಜನರನ್ನು ನಾವು ಹತ್ತಿಸಿಕೊಂಡೆವಂತೆ. ಎರಡನೆಯ ದೂರು. ಹಿಂದೆ ನಮ್ಮ ಜನ ನಿಂತಲ್ಲೇ ಉಳಿದರು. ಕುಂಟಾಲಕಟ್ಟೆಯಲ್ಲಿ ಹತ್ತುವ ಸೇಸಮ್ಮ, ಬೀಡಿ ಕಟ್ಟಿ ಬೆಳ್ತಂಗಡಿಗೆ ಕೊಂಡುಹೋಗುವವರು, ಮನೆಯ ಫೋನಿಗೇ ಕರೆ ಮಾಡಿದರು.

"ಬಸ್ಸಿನ ಹಿಂದಿನ ಗ್ಲಾಸು ನೋಡಿದೆ ಮಗಳೇ, ಚೆನ್ನಾಗಿ ತೊಳೆದಿದ್ದೀರಿ," ಎಂದರು. ಅಷ್ಟೇ ಹೇಳಿ ಇಟ್ಟರು.

ಜತ್ತಪ್ಪಣ್ಣನನ್ನು ಕೇಳಿದರೆ, ಹಾಡು ಹೇಳಿದ ಹಾಗೆ ಬಿಡ್ತಾ ಇದ್ದೇನೆ ಟೀಚರಮ್ಮ ಎಂದರು. ನನ್ನ ಮುಖ ನೋಡದೆ.

ಜನವರಿ 31, ಶುಕ್ರವಾರ

ಅಶೋಕ್ ಮನೆಗೆ ಬಂದಿದ್ದರು. ಅಪ್ಪನಿಗೆ ದಾಳಿಂಬೆ ತಂದಿದ್ದರು. ಗೇಟಿನವರೆಗೆ ಕಳಿಸಲು ಹೋದಾಗ, ಮೂರನೆಯ ದೂರು ಬರೆದರೆ ಫೆಬ್ರವರಿಯ ಸಭೆಯಲ್ಲಿ ಟೈಮಿಂಗ್ ಎತ್ತುತ್ತಾರೆ, ಅಷ್ಟಕ್ಕೆ ಹೋಗುವುದು ಬೇಡ, ಮೊದಲೇ ಸಹಿ ಹಾಕಿಬಿಡಿ ಎಂದರು. ಕೆಟ್ಟ ಮನುಷ್ಯರಲ್ಲ. ಅವರು ಹೇಳುವುದೆಲ್ಲ ಸರಿಯೇ.

"ಡ್ರೈವರನ್ನು ನಿಮ್ಮ ಜೊತೆ ಇಟ್ಟುಕೊಳ್ಳುವುದಿಲ್ಲವಾ?" ಎಂದು ಕೇಳಿದೆ.

"ಹಾಡು ಕೇಳಿ ಬಸ್ಸು ಬಿಡುವವರನ್ನಾ ಟೀಚರೇ?" ಎಂದು ನಕ್ಕರು. ನಾನೂ ನಕ್ಕೆ. ಗೇಟು ಹಾಕಿ ಬಂದ ಮೇಲೆ, ಯಾಕೆ ನಕ್ಕೆ ಎಂದು ನನ್ನ ಮೇಲೆ ಕೋಪ ಬಂತು.

ಫೆಬ್ರವರಿ 3, ಸೋಮವಾರ

ಇವತ್ತು ನಾನೇ ಬಸ್ಸಿನಲ್ಲಿ ಹೋದೆ. ಡ್ರೈವರಿನ ಹಿಂದಿನ ಸೀಟು, ನೋಟ್‌ಬುಕ್, ವಾಚು. ಈ ಬಸ್ಸಿನಲ್ಲಿ ಕೂತು ಎಷ್ಟು ವರ್ಷವಾಯಿತು ಎಂದು ಲೆಕ್ಕ ಹಾಕಿ ನಾಚಿಕೆಯಾಯಿತು.

ಹಾಡುಗಳು ಒಂದರ ಬೆನ್ನಿಗೆ ಒಂದು ಬಂದವು. ವೇಣೂರು ಬೇಗ ಬಂತು. ಕುಂಟಾಲಕಟ್ಟೆಗೆ ಮುಟ್ಟುವಾಗ ಎಂಟನೇ ಹಾಡು ಮುಗಿಯಿತು. ಜತ್ತಪ್ಪಣ್ಣನ ಕೈ ತನ್ನಿಂದ ತಾನೇ ಗೇರಿಗೆ ಹೋಗಿ ನ್ಯೂಟ್ರಲ್ ಮಾಡಿತು. ಅಷ್ಟರಲ್ಲಿ ಒಂಬತ್ತನೆಯದು ಶುರು. ಅವರು ಮತ್ತೆ ಗೇರು ಹಾಕಿದರು. ತೋಟದ ದಾರಿಯಲ್ಲಿ ಸೇಸಮ್ಮ ಕೈ ಎತ್ತಿಕೊಂಡು ಬರುತ್ತಿದ್ದರು, ಓಡುವ ವಯಸ್ಸಲ್ಲ. ನಿಲ್ಲಿಸಿ ಎಂದು ನಾನು ಕೂಗಿದೆ. ಇಡೀ ಬಸ್ಸು ನನ್ನನ್ನು ನೋಡಿತು. ಸೇಸಮ್ಮ ಹತ್ತಿ, ನನ್ನ ಪಕ್ಕದಲ್ಲೇ ಕೂತರು. ಬೆಳ್ತಂಗಡಿಯಲ್ಲಿ ಇಳಿಯುವಾಗ, "ಮೊದಲು ನಮ್ಮ ಸ್ಟಾಪಿನಲ್ಲಿ ಹಾಡು ನಿಲ್ತಿತ್ತು," ಎಂದರು.

ನಾನು ಅಳಿಸಿದ ನಾಲ್ಕು ಫೈಲು. ಬರೀ ಗುಂಯ್.

ಬೆಳ್ತಂಗಡಿ ಸ್ಟ್ಯಾಂಡಿನಲ್ಲಿ ಲಿಂಬೆ ಸೋಡಾ ಕುಡಿದು, ವಾಪಸು ಬರುವ ಬಸ್ಸು ಹತ್ತಿದೆ.

ಫೆಬ್ರವರಿ 4, ಮಂಗಳವಾರ

ಅಪ್ಪನನ್ನು ಕೇಳಿದೆ. ಡಾಕ್ಟರು ಏನಾದರೂ ಹೇಳಲಿ.

ನಮ್ಮಲ್ಲಿ ಸೂರ್ಯ ಮುಳುಗುವ ಮೊದಲೇ ಊಟ. ಕಿಟಕಿಯಲ್ಲಿ ಇನ್ನೂ ಬಿಸಿಲಿತ್ತು. ಪ್ಲೇಯರ್ ಕೆಟ್ಟದ್ದು, ಅಬೂಬಕ್ಕರ್, ಇನ್ನೂರ ಹದಿನಾಲ್ಕು, ನಾನು ಅಳಿಸಿದ ನಾಲ್ಕು, ಎರಡು ದೂರು, ಎಲ್ಲ ಹೇಳಿದೆ. ಅಪ್ಪ ಚಪಾತಿ ಹರಿಯುವುದನ್ನು ನಿಲ್ಲಿಸಿ ಕೇಳುತ್ತಿದ್ದರು. ಅವರ ಎದೆ ನೋಡುತ್ತ ನಾನು ಹೆದರಿ ಕೂತಿದ್ದೆ. ಅವರು ನಗಲು ಶುರು ಮಾಡಿದರು. ಹೊಲಿಗೆ ನೋಯುತ್ತದೆ ಎಂದು ಎದೆಗೆ ದಿಂಬು ಒತ್ತಿಕೊಂಡು ನಕ್ಕರು.

"ಅದು ನಾನು ಕೂತು ರೆಕಾರ್ಡ್ ಮಾಡಿದ್ದು ಮಗಾ. ಈ ಜತ್ತಪ್ಪ ಯಾರಿಗೂ ಕಾಯುವ ಜನ ಅಲ್ಲ. ಹೇಳಿದರೆ ನನ್ನ ಹತ್ತಿರವೇ ಜಗಳ. ಹಾಡಿನ ಮಾತು ಮಾತ್ರ ಕೇಳ್ತಾನೆ. ಮತ್ತೆ ಏನು ಮಾಡುವುದು? ಕಾಯಬೇಕಾದಲ್ಲಿ ಹಾಡನ್ನೇ ತೆಗೆದೆ."

ಸದ್ದೇ ಇಲ್ಲದಿದ್ದರೆ ಕೆಟ್ಟಿತೆಂದು ಜತ್ತಪ್ಪಣ್ಣ ಅದನ್ನು ಕುಟ್ಟುತ್ತಾರೆ, ಅದಕ್ಕೆ ಫ್ಯಾನ್ ಹಾಕಿ ರೆಕಾರ್ಡ್ ಮಾಡಿದರಂತೆ. ಸೇಸಮ್ಮನಿಗೆ ಎರಡು ನಿಮಿಷ. ಹೊಸಂಗಡಿ ಕಡೆಯ ಶಾಲೆ ಟೀಚರುಗಳಿಗೆ ಒಂದೂವರೆ. ವೇಣೂರಿನಲ್ಲಿ ಹೂವಿನ ಬುಟ್ಟಿ ಟಾಪಿಗೆ ಏರಿಸಲು ಒಂದೂವರೆ. ಆಮೇಲೆ ಗುರುವಾಯನಕೆರೆಗಿಂತ ಈಚೆ ನಲವತ್ತು ಸೆಕೆಂಡು, ಅಣ್ಣು ಎಂಬವರಿಗೆ. ಕಾಲು ಸರಿಯಿರಲಿಲ್ಲ, ಮೆಟ್ಟಿಲು ಹತ್ತಲು ಅಷ್ಟು ಬೇಕಿತ್ತು.

ಅಣ್ಣು ತೀರಿಹೋಗಿ ನಾಲ್ಕು ವರ್ಷವಾಯಿತಂತೆ. ಅಂದರೆ ನಾಲ್ಕು ವರ್ಷದಿಂದ ಬಸ್ಸು ದಿನಾ ನಲವತ್ತು ಸೆಕೆಂಡು ಯಾರಿಗೂ ಇಲ್ಲದೆ ಕಾದಿದೆ.

ಅಪ್ಪ ಇವತ್ತು ಎರಡು ಚಪಾತಿ ಜಾಸ್ತಿ ತಿಂದರು. ಟೆನ್ಶನ್ ಕೊಡಬಾರದೆಂದು ನಾನು ಎರಡು ತಿಂಗಳು ಅವರಿಗೆ ಕೊಟ್ಟದ್ದು ಏನು?

ಫೆಬ್ರವರಿ 6, ಗುರುವಾರ

ಸ್ಟ್ಯಾಂಡಿಗೆ ಹೋಗಿ ಜತ್ತಪ್ಪಣ್ಣನಿಗೆ ಹೇಳಿದೆ, ಗುಟ್ಟು ಬಿಟ್ಟುಕೊಡುವವಳ ಹಾಗೆ, ಸ್ವಲ್ಪ ಹೆದರುತ್ತ. ಅವರು ಟಯರಿಗೆ ಒರಗಿ ಕೂತಿದ್ದರು.

"ಗೊತ್ತುಂಟು ಟೀಚರಮ್ಮ. ಮೊದಲ ವಾರವೇ ಗೊತ್ತಾಗಿದೆ. ಮೆಷಿನು ಸರಿಯಾಗಿ ಸ್ಟಾಪಿನಲ್ಲೇ ಉಸಿರು ಬಿಡ್ತದಾ?"

"ಮತ್ತೆ ಅಪ್ಪನಿಗೆ ಹೇಳಲಿಲ್ಲ?"

"ಧಣಿಗಳು ಅಷ್ಟು ಕಷ್ಟಪಟ್ಟು ಮಾಡಿದ್ದು. ಹೇಳಿದರೆ ಅವರಿಗೆ ಬೇಜಾರಾಗ್ತದೆ."

ಗೊತ್ತಿದ್ದೂ ಈಗ ಯಾಕೆ ಕಾಯಲಿಲ್ಲ, ಸೇಸಮ್ಮ ಕಾಣುತ್ತಿದ್ದರಲ್ಲ ಎಂದು ಕೇಳಿದೆ. ಅವರು ಟಯರಿನ ಸಂದಿಯಿಂದ ಒಂದು ಕಲ್ಲು ಕಿತ್ತು ಎಸೆದರು.

"ನೀವು ತೆಗೆದದ್ದು ಅಂತ ತಿಳಿದೆ. ಮಾರುವ ಬಸ್ಸಲ್ಲವಾ, ಇನ್ನು ಕಾಯುವುದು ಬೇಡ ಅಂತ ನೀವು ಹೇಳಿದ್ದು ಅಂತ ತಿಳಿದೆ."

ನಾನು ತೆಗೆದದ್ದೂ ಹೌದು, ಮಾರುವ ಬಸ್ಸೂ ಹೌದು. ಎರಡನ್ನೂ ಕೂಡಿಸಿದರೆ ಅವರು ಓದಿದ್ದೇ ಬರುತ್ತದೆ.

ಫೆಬ್ರವರಿ 8, ಶನಿವಾರ

ಅಪ್ಪನ ಕೋಣೆಯಲ್ಲಿ ಫ್ಯಾನ್ ಹಾಕಿ ನಾಲ್ಕನ್ನೂ ರೆಕಾರ್ಡ್ ಮಾಡಿದೆವು. ಅಪ್ಪ ವಾಚು ಹಿಡಿದರು. ಮೊದಲನೆಯದರಲ್ಲಿ ಅಮ್ಮ ಕುಕ್ಕರ್ ಆರಿಸಲೋ ಎಂದು ಕೇಳಿದ್ದು ಬಂತು. ಎರಡನೆಯದರಲ್ಲಿ ಅಪ್ಪ ಕೆಮ್ಮಿದರು. ಅಣ್ಣುವಿನ ನಲವತ್ತು ಸೆಕೆಂಡು ತೆಗೆದುಬಿಡುವುದೋ ಎಂದು ಮುನವ್ವರನಿಗೆ ಫೋನ್ ಮಾಡಿ ಕೇಳಿದರೆ, "ಬೇಡ ಟೀಚರ್, ನಾನು ನೀರು ಕುಡಿಯುವುದು ಆಗ," ಎಂದ.

ಮನೆಯ ಲ್ಯಾಪ್‌ಟಾಪಿಗೆ ಪ್ಲೇಯರ್ ಈಗಲೂ ಗುರುತು ಸಿಗದ ನೆಂಟ. ಬಿ.ಸಿ. ರೋಡಿಗೇ ಹೋಗಬೇಕಾಯಿತು. ಅಬೂಬಕ್ಕರ್ ಅವರು ನಾಲ್ಕನ್ನೂ ಕೇಳಿ, ಹಾಡು ಎಲ್ಲಿ ಮೇಡಂ ಎಂದರು. ವಿವರಿಸಿದೆ. ಎರಡೂ ಕನ್ನಡಕ ತೆಗೆದು ಒರೆಸಿಕೊಂಡು, ಇದಕ್ಕೆ ದುಡ್ಡು ಬೇಡ ಎಂದರು.

ಫೆಬ್ರವರಿ 17, ಸೋಮವಾರ

ಒಂದು ವಾರದಿಂದ ಬಸ್ಸು ಬೆಳ್ತಂಗಡಿಗೆ ಮುಟ್ಟಬೇಕಾದ ಹೊತ್ತಿಗೇ ಮುಟ್ಟುತ್ತಿದೆ, ಎಂಟು ಐವತ್ತೈದು. ಅರ್ಧ ನಿಮಿಷ ಆಚೆ ಈಚೆ. ಸಂಘದ ಸಭೆಗೆ ನೋಟ್‌ಬುಕ್ ಹಿಡಿದುಕೊಂಡು ಹೋಗಿದ್ದೆ. ಮೂರನೆಯ ದೂರು ಬರಲಿಲ್ಲ. ಅಲ್ಲಿ ಕೂತಿದ್ದ ಹದಿನೆಂಟು ಜನರಲ್ಲಿ ಹೆಂಗಸು ನಾನೊಬ್ಬಳೇ ಎಂದು ಚಹಾ ಬಂದಾಗ ಗೊತ್ತಾಯಿತು. ನಮ್ಮ ಬಸ್ಸಿನ ಎಡಗಡೆಯ ಹಿಂದಿನ ಟಯರು ಬದಲಾಯಿಸಬೇಕು.

ಫೆಬ್ರವರಿ 22, ಶನಿವಾರ

ಮುನವ್ವರ್ ಹೇಳಿದ: ವೇಣೂರು ದಾಟಿದ ಮೇಲೆ ರಬ್ಬರ್ ತೋಟದ ಹತ್ತಿರ ಹೊಸದಾಗಿ ಚಿತ್ರಾ ಎಂಬ ಹೆಂಗಸು ಹತ್ತುತ್ತಾಳೆ, ಬೆಳ್ತಂಗಡಿಯಲ್ಲಿ ಯಾವುದೋ ಆಫೀಸಿನಲ್ಲಿ ಕೆಲಸ, ತೋಟದ ಹತ್ತಿರವೇ ಮಗುವನ್ನು ಅಂಗನವಾಡಿಗೆ ಬಿಟ್ಟು ಸ್ಟಾಪಿಗೆ ಓಡಿ ಬರಬೇಕು. ಒಂದೂವರೆ ನಿಮಿಷ ಸಿಕ್ಕಿದರೆ ಓಡುವುದು ಬೇಡ. ಕೊಡುವುದಾದರೆ ಎಲ್ಲಿಂದ ತೆಗೆಯುವುದು?

ಸಂಜೆಯೆಲ್ಲ ಅಪ್ಪ ಮತ್ತು ನಾನು ಮೇಜಿನ ಮೇಲೆ ಹಾಡುಗಳ ಪಟ್ಟಿ ಹರಡಿಕೊಂಡು ಕೂತೆವು. ಮೊನ್ನೆ ಅಗಲ ಮಾಡಿದ ರಸ್ತೆಯಲ್ಲಿ ಒಂದು ನಿಮಿಷ ಉಳಿಯುತ್ತದೆ ಎಂದು ನಾನು. ನಿನಗೆ ಆ ತಿರುವು ಗೊತ್ತಿಲ್ಲ ಎಂದು ಅಪ್ಪ. ಗೊತ್ತುಂಟು, ನಾನು ನಾಲ್ಕು ಸಲ ಕೂತು ನೋಡಿದ್ದೇನೆ ಎಂದೆ. ಆರನೇ ಹಾಡಿನ ಬದಲು ಸಣ್ಣದೊಂದು ಹಾಕುವ ಎಂದು ಕೊನೆಗೆ ತೀರ್ಮಾನವಾಯಿತು. ಜತ್ತಪ್ಪಣ್ಣನಿಗೆ ಆರನೆಯದು ಬಹಳ ಇಷ್ಟ, ಸಂಜೆಯ ಟ್ರಿಪ್ಪಿಗೆ ಕೊಟ್ಟರಾಯಿತು.

ಫೆಬ್ರವರಿ 28, ಶುಕ್ರವಾರ

ನಾಳೆ ಬಿ.ಸಿ. ರೋಡಿಗೆ ಹೋಗುವುದು. ಅದಕ್ಕೆ ಮೊದಲು ಚಿತ್ರಾಳ ಒಂದೂವರೆ ನಿಮಿಷ ಸಿದ್ಧವಾಗಬೇಕಿತ್ತು. ಮಧ್ಯಾಹ್ನ ಅಪ್ಪ, ಅಮ್ಮ ಇಬ್ಬರೂ ಬಸದಿಗೆ ಹೋಗಿದ್ದರು, ಮನೆ ಖಾಲಿ. ಫ್ಯಾನ್ ಎರಡರಲ್ಲಿ ಇಟ್ಟೆ. ಬಾಗಿಲು ಹಾಕಿದೆ. ಫೋನನ್ನು ಮೇಜಿನ ಮೇಲಿಟ್ಟು ರೆಕಾರ್ಡ್ ಒತ್ತಿ, ಉಸಿರು ಕೇಳಿಸದ ಹಾಗೆ ದೂರ ಕೂತೆ.

ಒಂದು ನಿಮಿಷ ಹತ್ತು ಸೆಕೆಂಡು ಚೆನ್ನಾಗಿ ಬಂದಿತ್ತು. ಆಗ ಅದೇ ಫೋನಿಗೆ ಅಶೋಕರ ಕರೆ ಬಂತು, ಅವರಿಗೆ ಉತ್ತರ ಕೊಡಲು ಇವತ್ತೇ ಕೊನೆಯ ದಿನ. ರೆಕಾರ್ಡಿಂಗ್ ನಿಂತುಹೋಯಿತು.

ಕಟ್ ಮಾಡಿದೆ. ಮೊದಲಿನಿಂದ ಶುರು ಮಾಡಿದೆ.